ಹೆಪ್ಪಿನ ವಾಟಗ

ಇವತ್ತು ನನಗೆ ವಾರದ ರಜೆ. ರಜೆಯ ದಿನ ತೊಳೆದ ಭಾಂಡೆಗಳನ್ನು ಒರೆಸಿ ಗೋಡೆಯ ಮಾಡದಲ್ಲಿ ಜೋಡಿಸುವುದು ನನ್ನ ಪಾಲಿನ ಕೆಲಸ. ಒರೆಸುತ್ತ ಒರೆಸುತ್ತ ಕೈಗೊಂದು ಸ್ಟೀಲಿನ ವಾಟಗ ಬಂತು. ವಾಟಗ ಅಂದರೆ ನಮ್ಮ ಕಡೆ ಸಣ್ಣ ಬಟ್ಟಲು. ಇದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ‘ಗುರುಸಿದ್ದವ್ವ’ ಎಂದು ಕೆತ್ತಿದೆ. ನನ್ನ ಹೆಂಡತಿಯ ಹೆಸರು ಶೋಭಾ, ಅವ್ವನ ಹೆಸರು ನೀಲವ್ವ. ಗುರುಸಿದ್ದವ್ವ ನಮ್ಮ ಎದುರು ಮನೆಯವಳು. ಅವಳ ವಾಟಗ ನಮ್ಮ ಮನೆಯಲ್ಲಿ ಏಕಿದೆ ಎಂದು ಕೇಳುತ್ತೀರಾದರೆ, ಅದು ಇಲ್ಲಿರುವುದೇ ಸರಿ. ಅದು ಇಲ್ಲದಿದ್ದ ದಿನಗಳಲ್ಲಿ ಏನೇನು ನಡೆಯಿತು ಎಂದು ಹೇಳಬೇಕೆನಿಸಿ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಇಲ್ಲೇ ಕೂತಿದ್ದೇನೆ. ಉಳಿದ ಭಾಂಡೆ ಹಾಗೇ ಬಿದ್ದಿವೆ. ಶೋಭಾ ಒಂದು ಸಲ ಬಂದು ನೋಡಿ, ಏನೂ ಅನ್ನದೆ ಹೋದಳು. ಅನ್ನದೆ ಹೋಗುವುದು ಅಂದುದಕ್ಕಿಂತ ಜೋರು, ನಿಮ್ಮ ಮನೆಯಲ್ಲೂ ಹಾಗೇ ಇರಬೇಕು.

ನಾನು ಬಸ್ ಕಂಡಕ್ಟರ್. ನವಲಗುಂದ, ಅಣ್ಣಿಗೇರಿ, ನಡುವಿನ ಊರುಗಳು, ಮತ್ತೆ ನವಲಗುಂದ. ತುಂಬಿದ ಗಾಡಿಯಲ್ಲಿ ಹತ್ತಿಯ ಹೊಲಕ್ಕೆ ಹೋಗುವವರು, ಕಾಲೇಜಿನ ಹುಡುಗರು, ಕೋಳಿಯನ್ನು ಕೈಚೀಲದಲ್ಲಿ ಅಡಗಿಸಿಕೊಂಡು ಏನೂ ಗೊತ್ತಿಲ್ಲದವರಂತೆ ಕೂತ ಮುದುಕಪ್ಪಗಳು, ಎಲ್ಲರ ಲೆಕ್ಕವನ್ನೂ ಸಂಜೆ ಡಿಪೋದಲ್ಲಿ ಪೈಸೆಗೆ ಪೈಸೆ ಕೂಡಿಸಿ ಕೊಡುತ್ತೇನೆ. ಆದರೆ ಮನೆಯಲ್ಲಿರುವುದು ನಾವು ಮೂರೇ ಜನ, ಆ ಮನೆಯ ಲೆಕ್ಕ ಮಾತ್ರ ಎಂದೂ ಕೂಡಿದ್ದಿಲ್ಲ. ಪಗಾರ ಬಂದದ್ದು ಗೊತ್ತಾಗುತ್ತಿತ್ತು, ಹೋದದ್ದು ಗೊತ್ತಾಗುತ್ತಿರಲಿಲ್ಲ. ಇದನ್ನು ಅಣ್ಣಿಗೇರಿ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ನಮ್ಮ ಗಾಡಿಯ ಡ್ರೈವರ್ ಮಕ್ತುಮನ ಮುಂದೆ ಹೇಳಿಕೊಂಡೆ. ಅವನು ಮಿರ್ಚಿ ಭಜಿಯ ತೊಟ್ಟು ತೆಗೆದು ತಟ್ಟೆಯ ಅಂಚಿಗಿಟ್ಟು ನನ್ನನ್ನು ನೋಡಿದ.

“ಈರಣ್ಣಾ, ಮಂದಿ ಎಲ್ಲಿ ಇಳೀತಾರ ಅನ್ನೂದು ನಿನಗ ಬರೋಬ್ಬರಿ ಗೊತ್ತೈತಿ. ನಿನ್ನ ಪಗಾರ ಎಲ್ಲಿ ಇಳೀತೈತಿ ಅನ್ನೂದು ಗೊತ್ತಿಲ್ಲ. ತಾ ಇಲ್ಲೆ ಫೋನ್.”

ಐದು ನಿಮಿಷದಲ್ಲಿ ನನ್ನ ಫೋನಿನೊಳಗೆ ಮನೆಖರ್ಚಿನ ಒಂದು ಆಪ್ ಕೂತಿತು. ಮಕ್ತುಮ ಅದರಿಂದಲೇ ಉಳಿಸಿ ಹೊಸ ಬೈಕ್ ತಗೊಂಡಿದ್ದ. ಆಪ್ ಕನ್ನಡ ಮಾತಾಡುತ್ತಿತ್ತು, ಆದರೆ ಯಾವ ಊರಿನ ಕನ್ನಡವೋ ಏನೋ. ‘ನಿಮ್ಮ ವೆಚ್ಚವನ್ನು ವರ್ಗೀಕರಿಸಿ’ ಎಂದಿತು. ವರ್ಗಗಳ ಪಟ್ಟಿ ಅದರಲ್ಲೇ ಇತ್ತು: ದಿನಸಿ, ಬಾಡಿಗೆ, ಸಾಕುಪ್ರಾಣಿ, ವ್ಯಾಯಾಮಶಾಲೆ, ಮನರಂಜನೆ. ಮನರಂಜನೆಗೆ ತಿಂಗಳಿಗೆ ಎಷ್ಟು ಇಡೋಣ ಎಂದು ಶೋಭಾಳನ್ನು ಕೇಳಿದೆ.

“ಬ್ಯಾರೆ ಯಾಕ್ರಿ? ನೀವು ಅದನ್ನ ಹಿಡಕೊಂಡ ಕುಂತದ್ದ ನೋಡಿದ್ರ ಸಾಕು ನಮಗ” ಎಂದಳು.

ನಗಬೇಡಿ, ನಾನು ಆ ಆಪ್ ಹಾಕಿಕೊಂಡಿದ್ದೇ ಅವಳಿಗಾಗಿ. ಶೋಭಾಳ ಎರಡೂ ಮೊಳಕಾಲು ಸವೆದಿವೆ. ಹುಬ್ಬಳ್ಳಿಯ ಡಾಕ್ಟರು ಎಕ್ಸರೇ ಫೋಟೊ ಬೆಳಕಿಗೆ ಹಿಡಿದು ನೋಡಿ, ಇನ್ನು ಮೇಲೆ ನೆಲಕ್ಕೆ ಕೂಡ್ರಬಾರದು ಎಂದರು.

“ನೆಲಕ್ಕ ಕುಂದರಲಾರದ ರೊಟ್ಟಿ ಹೆಂಗ ಬಡೀಲ್ರಿ ಸಾಹೇಬ್ರ?” ಎಂದು ಇವಳು ಕೇಳಿದಳು.

“ನಿಂತು ಬಡೀರಿ ಅಮ್ಮಾ. ಒಂದು ಕಟ್ಟೆ ಮಾಡಿಸ್ಕೊಳ್ರಿ.”

ಹೇಳುವುದು ಸುಲಭ. ನಮ್ಮದು ಅಪ್ಪನ ಕಾಲದ ಅಡುಗೆಮನೆ. ಒಲೆ ಹೋಗಿ ಗ್ಯಾಸ್ ಬಂದರೂ ಅದು ಒಲೆಯ ಜಾಗದಲ್ಲೇ, ನೆಲದ ಮೇಲೇ ಕೂತಿತ್ತು. ನಿಂತು ರೊಟ್ಟಿ ಬಡಿಯುವಷ್ಟು ಎತ್ತರದ ಕಟ್ಟೆ ಬೇಕೆಂದರೆ ಮಣ್ಣಿನ ಗೋಡೆಯ ಒಂದು ಬದಿ ಕೆಡವಬೇಕು, ಇಟ್ಟಿಗೆ ಕಟ್ಟಬೇಕು, ಮೇಲೆ ಕಡಪಾ ಕಲ್ಲು ಹಾಸಬೇಕು, ನಳ ಎಳೆಯಬೇಕು. ಗೌಂಡಿ ಹೇಳಿದ ಮೊತ್ತ ಕೇಳಿ ನಾನು ಅವನಿಗೆ ಇನ್ನೊಂದು ಕಪ್ ಚಹಾ ಕೊಟ್ಟು ಕಳಿಸಿದೆ. ಆಪ್‌ನಲ್ಲಿ ‘ಗುರಿ’ ಎಂಬ ಒಂದು ಜಾಗವಿತ್ತು. ಅಲ್ಲಿ ‘ಅಡುಗೆಕಟ್ಟೆ’ ಎಂದು ಬರೆದೆ. ಚಿತ್ರ ಆರಿಸಿ ಎಂದಿತು. ಕಾರು, ಮನೆ, ಉಂಗುರ, ವಿಮಾನ ಇದ್ದವು. ನನ್ನ ದಪ್ಪ ಹೆಬ್ಬೆರಳು ವಿಮಾನದ ಮೇಲೆ ಬಿತ್ತು. ಆಮೇಲೆ ಏನು ಮಾಡಿದರೂ ಅದು ಬದಲಾಗಲಿಲ್ಲ. ಹೀಗಾಗಿ ನನ್ನ ಹೆಂಡತಿಯ ಅಡುಗೆಕಟ್ಟೆ ಒಂದು ವಿಮಾನವಾಗಿ, ಗೆರೆಯ ಎಡತುದಿಯಲ್ಲಿ ನಿಂತುಕೊಂಡಿತು. ಹಣ ಉಳಿದಂತೆಲ್ಲ ಅದು ಬಲಕ್ಕೆ ಸರಿಯಬೇಕು.

ಒಂದು ತಿಂಗಳು ಎಲ್ಲ ಖರ್ಚನ್ನೂ ಆಪ್‌ಗೆ ಏರಿಸಿದೆ. ಬೆಂಕಿಪೊಟ್ಟಣ ಬಿಡಲಿಲ್ಲ. ನನ್ನ ಸ್ವಭಾವವೇ ಹಾಗೆ, ದಿನಸಿ ಎಂದು ಒಟ್ಟಿಗೆ ಹಾಕಿದರೆ ಸಮಾಧಾನವಿಲ್ಲ. ಬೇಳೆ ಬೇರೆ, ಎಣ್ಣೆ ಬೇರೆ, ಸಕ್ಕರೆ ಬೇರೆ ವರ್ಗ ಮಾಡಿದೆ. ತಿಂಗಳ ಕೊನೆಗೆ ಆಪ್ ಎಲ್ಲಕ್ಕೂ ಹಸಿರು ಗೆರೆ ತೋರಿಸಿ ಸಕ್ಕರೆಗೆ ಮಾತ್ರ ಕೆಂಪು ಗೆರೆ ತೋರಿಸಿತು. ‘ಈ ವರ್ಗದಲ್ಲಿ ಕಡಿತ ಮಾಡಬಹುದು’ ಎಂದಿತು. ನಾನು ಮೀಸೆ ಸವರಿಕೊಂಡೆ. ಅವ್ವನಿಗೆ ಸಕ್ಕರೆ ಕಾಯಿಲೆ. ನಾನು ಹೆದರಿ ಸಪ್ಪೆ ಚಹಾ ಕುಡಿಯಲು ಶುರು ಮಾಡಿ ವರ್ಷಗಳಾದವು. ಉಳಿದವಳು ಶೋಭಾ ಒಬ್ಬಳು. ಹಾಗಾದರೆ ಅಷ್ಟು ಸಕ್ಕರೆ ತಿನ್ನುವವರು ಯಾರು?

ಟಿಕೆಟ್ ಇಲ್ಲದೆ ಕೂತವರ ಮುಖ ನನಗೆ ದೂರದಿಂದಲೇ ತಿಳಿಯುತ್ತದೆ. ಅದೇ ಕಣ್ಣಿನಿಂದ ಮೊದಲು ಅವ್ವನನ್ನು ನೋಡಿದೆ. ಅವಳು ವಿಭೂತಿ ಹಚ್ಚಿಕೊಂಡು, ದಿನದಂತೆ ಜೋಳದ ಹಿಟ್ಟಿನಿಂದ ಮಠಕ್ಕೆಂದು ಒಂದು ಹಿಡಿ ತೆಗೆದಿಡುತ್ತಿದ್ದಳು. ಅವಳ ಬಾಯಲ್ಲಿ ಏನೂ ಇರಲಿಲ್ಲ. ಇರುವೆಗಳ ಮೇಲೆ ಅನುಮಾನ ಪಟ್ಟು ಡಬ್ಬಿ ಬದಲಿಸಿದೆ. ಕೊನೆಗೆ ಒಂದು ಮುಂಜಾನೆ ಕಳ್ಳ ಸಿಕ್ಕ. ಶೋಭಾ ಯಾರದೋ ಚರಗಿ, ಅಂದರೆ ತಂಬಿಗೆ, ತೊಳೆದು ಒರೆಸಿ, ಅದರೊಳಗೆ ಒಂದು ದೊಡ್ಡ ಹಿಡಿ ಸಕ್ಕರೆ ಸುರಿದು, ಮೇಲೊಂದು ತಾಟು ಮುಚ್ಚುತ್ತಿದ್ದಳು. ಹಿಂದಿನ ದಿನ ಆ ಚರಗಿಯಲ್ಲಿ ಮಜ್ಜಿಗೆ ಬಂದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಡಬ್ಬಿ, ಅದರಲ್ಲೂ ಸಕ್ಕರೆ. ನಮ್ಮ ಸಕ್ಕರೆ ತಾಟಿನ ಮರೆಯಲ್ಲಿ ಓಣಿಯೆಲ್ಲ ತಿರುಗಾಡುತ್ತಿತ್ತು.

ಇದು ನನಗೆ ಗೊತ್ತಿಲ್ಲದ್ದೇನಲ್ಲ. ಸಣ್ಣವನಿದ್ದಾಗ ಈ ಓಣಿಯಲ್ಲಿ ಭಾಂಡೆ ಹೊರುವ ಕೆಲಸ ನನ್ನದೇ ಇತ್ತು. ಆಗ ಭಾಂಡೆ ಅಂಗಡಿಯ ಮುಂದೆ ಒಬ್ಬ ಮನುಷ್ಯ ದುಂಬಿಯಂತೆ ಗುಂಯ್ ಎನ್ನುವ ಸಣ್ಣ ಯಂತ್ರ ಹಿಡಿದು ಹೆಸರು ಕೆತ್ತುತ್ತಿದ್ದ. ಅಕ್ಷರ ಕೂಡಿಸಿ ಓದಲು ನಾನು ಕಲಿತಿದ್ದು ಪುಸ್ತಕಕ್ಕಿಂತ ಹೆಚ್ಚು ಭಾಂಡೆಗಳ ಅಂಚಿನಿಂದ. ನಮ್ಮ ಮನೆಯ ಬೋಗೋಣಿ ಅವರಲ್ಲಿ, ಅವರ ತಾಟು ಇವರಲ್ಲಿ, ಯಾರದೋ ಮದುವೆಯ ಚರಗಿ ನಮ್ಮಲ್ಲಿ. ಹೆಸರುಕಾಳು ಬಿಡಿಸಿದರೆ ಒಂದು ವಾಟಗ, ಬೆಣ್ಣೆ ತೆಗೆದರೆ ಒಂದು ಉಂಡಿ, ಕಡಲೆ ಪಲ್ಯೆಯ ಕುಡಿ ಚಿವುಟಿದರೆ ಒಂದು ಬುಟ್ಟಿ, ಏನಾದರೊಂದು ಓಣಿಯನ್ನು ದಾಟಿ ಬರುತ್ತಿತ್ತು. ಭಾಂಡೆ ಮರಳಿ ಹೋಗುವಾಗ ಅವ್ವ ಅದರ ತಳಕ್ಕೆ ಸಕ್ಕರೆಯನ್ನೋ ಬೆಲ್ಲದ ಚೂರನ್ನೋ ಹಾಕಿ ನನ್ನ ಕೈಗಿಡುತ್ತಿದ್ದಳು. ನಾನು ಅದನ್ನು ನನ್ನ ಹಮಾಲಿ ಎಂದು ತಿಳಿದಿದ್ದೆ. ಹೊತ್ತವನಿಗೆ ಕೂಲಿ ಬೇಡವೆ? ಓಣಿಯ ನಡುವಿನ ಬೇವಿನ ಗಿಡದ ಮರೆಗೆ ನಿಂತು, ತಾಟು ಸರಿಸಿ, ನೆಕ್ಕಿ, ಕೊನೆಯ ಹರಳಿನ ತನಕ ಸ್ವಚ್ಛ ಮಾಡಿ ಭಾಂಡೆ ಮುಟ್ಟಿಸುತ್ತಿದ್ದೆ. ಯಾರೂ ಒಮ್ಮೆಯೂ ಏನೂ ಅನ್ನಲಿಲ್ಲ. ಹೀಗಾಗಿ ಖಾಲಿ ಭಾಂಡೆ ಕೊಟ್ಟರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನನ್ನಲ್ಲಿ ಮೀಸೆಗಿಂತ ಮೊದಲೇ ಬೇರು ಬಿಟ್ಟಿತ್ತು.

ಆ ನಂಬಿಕೆಯ ಬಲದಿಂದ ಶೋಭಾಳಿಗೆ ಹೇಳಿದೆ: “ಇನ್ನ ಮ್ಯಾಲೆ ಭಾಂಡೆ ಮುಟ್ಟಸೂ ಕೆಲಸ ನಂದು. ನೀ ಮೆಟ್ಲಾ ಹತ್ತಿ ಇಳದು ಮಾಡಬ್ಯಾಡ. ತೊಳದ ಇಟ್ಟಬಿಡು, ಉಳದದ್ದು ನಾ ನೋಡ್ಕೊತೀನಿ.”

ಅವಳ ಮುಖ ಅರಳಿತು. ಮೊಳಕಾಲಿನ ಚಿಂತೆ ಗಂಡನಿಗೂ ಇದೆಯಲ್ಲ ಎಂದು ಅವಳಿಗೆ ಅನಿಸಿರಬೇಕು. ಇತ್ತು, ಖರೇನೇ ಇತ್ತು. ಡ್ಯೂಟಿಗೆ ಹೋಗುವಾಗ ಭಾಂಡೆಗಳನ್ನು ಇನ್ನೊಮ್ಮೆ ಪಳಪಳ ಒರೆಸಿ, ಅವರವರ ಕಟ್ಟೆಯ ಮೇಲಿಟ್ಟು, “ಭಾಂಡೆ ಬಂತ್ರಿ” ಎಂದು ಕೂಗಿ ಹೋಗುತ್ತಿದ್ದೆ. ಇಷ್ಟು ಹೊಳೆಯುವ ಭಾಂಡೆ ಕೊಡುವುದೇ ಮರ್ಯಾದೆ ಎಂದುಕೊಂಡಿದ್ದೆ. ಶೋಭಾ, ಸಕ್ಕರೆಯನ್ನು ನಾನೇ ಹಾಕುತ್ತೇನೆ ಎಂದುಕೊಂಡಿದ್ದಳು. ತಿಂಗಳ ಕೊನೆಗೆ ಸಕ್ಕರೆಯ ಗೆರೆ ಹಸಿರಾಯಿತು, ವಿಮಾನ ಕೂದಲೆಳೆಯಷ್ಟು ಬಲಕ್ಕೆ ಸರಿಯಿತು. ಆಪ್ ಪರದೆಯ ತುಂಬ ಬಣ್ಣದ ಕಾಗದದ ಚೂರು ಹಾರಿಸಿ ‘ಅಭಿನಂದನೆಗಳು’ ಎಂದಿತು. ಆ ತಿಂಗಳು ಮಕ್ತುಮನಿಗೆ ಚಹಾ ನಾನೇ ಕುಡಿಸಿದೆ.

ಮುಂದಿನ ತಿಂಗಳು ಒಂದೊಂದೇ ಗೆರೆ ಕೆಂಪಾಗತೊಡಗಿತು. ಮೊದಲು ತರಕಾರಿ. ಆಮೇಲೆ ಹಾಲು ಮೊಸರು. ನಾವು ಮಜ್ಜಿಗೆ ಕೊಂಡು ಕುಡಿದವರೇ ಅಲ್ಲ. ಈಗ ಪ್ಯಾಕೆಟ್ಟು ಬರುತ್ತಿತ್ತು. ಸೊಪ್ಪನ್ನೂ ಸಂತೆಯಿಂದ ತರುತ್ತಿದ್ದೆವು. ತುಟ್ಟಿ ಕಾಲ, ಏನು ಮಾಡುವುದು ಎಂದು ಮಕ್ತುಮನ ಜೊತೆ ಸೇರಿ ಸರ್ಕಾರವನ್ನು ಬೈದೆ. ತಿಂಗಳ ಕೊನೆಗೆ ಔಷಧದ ಗೆರೆಯೂ ಕೆಂಪಾಯಿತು. ನೋವಿನ ಮುಲಾಮು, ನೋವಿನ ಗುಳಿಗೆ, ಮತ್ತೆ ಮುಲಾಮು. ವಿಮಾನ ನಿಂತಲ್ಲೇ ನಿಂತಿತ್ತು. ಆಗ ಶೋಭಾಳನ್ನು ಕೇಳಿದೆ, ಲೆಕ್ಕ ಕೇಳುವ ದನಿಯಲ್ಲೇ ಕೇಳಿದೆ.

“ಇಷ್ಟ ಮುಲಾಮು ಯಾಕ ಬೇಕಾತು?”

ಅವಳು ಹಂಚಿನ ಮುಂದೆ ನೆಲದ ಮೇಲೆ ಕೂತಿದ್ದಳು. ಒಂದು ಕಾಲು ಮಡಚಿ, ಇನ್ನೊಂದನ್ನು ಮಡಚಲಾಗದೆ ಉದ್ದ ಚಾಚಿ, ಓರೆಯಾಗಿ ಬಾಗಿ ರೊಟ್ಟಿ ಬಡಿಯುತ್ತಿದ್ದಳು. “ದಿನಾ ನಾನ ಕುಂದರಬೇಕಲ್ರಿ” ಎಂದಳು. “ಮೊದಲೆಲ್ಲಾ ವಾರಕ್ಕ ಮೂರ ನಾಕ ದಿನ ಗುರುಸಿದ್ದವ್ವ ಚಿಗವ್ವನ ಮನ್ಯಾಗಿಂದ ರೊಟ್ಟಿ ಬರತಿದ್ದವು. ಅವರ ಮನ್ಯಾಗ ಬಡಿಯಾವರ ಭಾಳ ಮಂದಿ, ನಿನ್ನ ಕಾಲ ನೋಯಾಕತ್ರ ಸುಮ್ನ ಇರು ಅಂತ ಕಳಸತಿದ್ಲು. ಈಗ ಬರೂದು ಬಂದ ಆಗೈತಿ. ಯಾಕೋ ಗೊತ್ತಿಲ್ಲ. ಎದರ ಬಂದ್ರೂ ಮಾತ ಕಡಿಮಿ.”

ನನಗೆ ಆ ರೊಟ್ಟಿಯ ಸಂಗತಿಯೇ ಗೊತ್ತಿರಲಿಲ್ಲ, ನೋಡಿ. ತಾಟಿಗೆ ಬಂದ ರೊಟ್ಟಿಯನ್ನು ತಿಂದು ಏಳುವವನಿಗೆ ಅದನ್ನು ಬಡಿದ ಕೈ ಯಾವುದು ಎಂದು ಹೇಗೆ ಗೊತ್ತಾಗಬೇಕು? ಆಪ್‌ಗೂ ಗೊತ್ತಿರಲಿಲ್ಲ. ರೊಕ್ಕ ಕೊಡದೆ ಬಂದದ್ದು ಅದರ ಲೆಕ್ಕದಲ್ಲಿ ಬಂದೇ ಇರಲಿಲ್ಲ.

ಪಡಸಾಲೆಯಲ್ಲಿ ಕೂತ ಅವ್ವ ಅಲ್ಲಿಂದಲೇ ಕೇಳಿದಳು. “ಈರ್ಯಾ, ಭಾಂಡೆದಾಗ ಏನ ಹಾಕಿ ಕೊಡಾಕತ್ತಿದ್ದಿ?”

“ಏನಿಲ್ಲವಾ. ಸ್ವಚ್ಛ ಒರಸಿ ಕೊಟ್ಟೇನಿ.”

ಶೋಭಾಳ ಕೈ ರೊಟ್ಟಿಯ ಮೇಲೆ ನಿಂತಿತು. ಅವ್ವ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದಳು. “ಬರೇ ಭಾಂಡೆ ತಿರಗಿಸಿದ್ರ, ಇನ್ನ ಸಾಕು, ಕಳಸಬ್ಯಾಡ್ರಿ ಅಂದಂಗಲೇ” ಎಂದಳು. “ಅಕಿ ರೊಟ್ಟಿ ಕಳಸಿದ್ಲು. ನೀ ಸಾಕಂದಿ.”

ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಶೋಭಾ ನನ್ನನ್ನು ಬೈಯಲಿಲ್ಲ. ಗ್ಯಾಸ್ ಆರಿಸಿ, ಗೋಡೆ ಹಿಡಿದು ಏಳಲು ನೋಡಿದಳು. “ನಾನ ಹೋಗಿ ಹೇಳಿ ಬರತೀನಿ” ಎಂದಳು. ಏಳಲು ಆಗಲಿಲ್ಲ. ಗೋಡೆ ಬಿಟ್ಟು ಮತ್ತೆ ಕೂತಳು. ಅವಳ ಮೊಳಕಾಲಿಗಾಗಿ ಉಳಿಸಲು ಹೋಗಿ ಅವಳ ಮೊಳಕಾಲನ್ನೇ ಖರ್ಚು ಮಾಡಿದ್ದೆ. ಸಕ್ಕರೆ ಡಬ್ಬಿ ಮಾಡದಲ್ಲಿ ತುಂಬಿ ಕೂತಿತ್ತು. ಅದನ್ನು ಕೈಗೆತ್ತಿಕೊಂಡೆ.

“ಸಕ್ರಿ ತುಂಬಿ ನಾನ ಒಯ್ದು ಕೊಟ್ಟ ಬರಲೇನವಾ?” ಎಂದೆ.

“ಒಯ್ದು ಏನಂತ ಹೇಳಾಂವ?” ಎಂದಳು ಅವ್ವ. “ಎರಡ ತಿಂಗಳದ್ದು ಕೂಡಿಸಿ ತಂದೇನಿ, ಎಣಿಸ್ಕೋರಿ ಅಂತೀಯೇನು? ಅದು ಚುಕ್ತಾ ಮಾಡಿದಂಗ ಆಗತೈತಿ. ಅಕಿದೊಂದು ಭಾಂಡೆ ನಮ್ಮನ್ಯಾಗ ಇದ್ರ ತುಂಬಿ ಕೊಡಬಹುದಿತ್ತು. ಒಂದರ ಐತೇನು ನೋಡು.”

ನೋಡಿದೆ. ಮಾಡ ತಡಕಿದೆ, ಅಟ್ಟ ತಡಕಿದೆ. ಗುರುಸಿದ್ದವ್ವನ ಹೆಸರಿನ ಒಂದು ಚಮಚವೂ ಇರಲಿಲ್ಲ. ನಮ್ಮ ಭಾಂಡೆಗಳನ್ನು ಅವರೂ ಮರಳಿಸಿದ್ದರು. ನನಗೆ ನೆನಪಿರುವಷ್ಟು ಕಾಲದಲ್ಲಿ ಮೊದಲ ಸಲ ಆ ಮನೆಯದು ಆ ಮನೆಯಲ್ಲಿ, ಈ ಮನೆಯದು ಈ ಮನೆಯಲ್ಲಿ, ಲೆಕ್ಕ ಪಕ್ಕಾ ಕೂಡಿತ್ತು. ಡಿಪೋದಲ್ಲಾಗಿದ್ದರೆ ಶಹಬ್ಬಾಸ್ ಅನ್ನುತ್ತಿದ್ದರು.

ಅವ್ವ ಸೆರಗು ಸರಿಮಾಡಿಕೊಂಡು ನಿರ್ಧಾರ ಹೇಳಿದಳು. “ಕೊಡಾಕ ಹೋಗಬ್ಯಾಡ. ಬೇಡಾಕ ಹೋಗು. ಹೆಪ್ಪು ಬೇಡು.”

ಹೆಪ್ಪು ಅಂದರೆ ಕಾಸಿದ ಹಾಲು ಮೊಸರಾಗಲಿಕ್ಕೆ ಹಾಕುವ ಚಮಚ ಮೊಸರು. “ಪಾಕೀಟಿನ ಮಸರು ಫ್ರಿಜ್ಜಿನ್ಯಾಗ ಐತೆಲ್ಲ” ಎಂದೆ.

“ಇರಲಿ. ದೀಪಾ ಹಚ್ಚಿದ ಮ್ಯಾಲೆ ಹೆಪ್ಪು ಯಾರೂ ಕೊಡೂದಿಲ್ಲ. ಲಗೂನ ಹೋಗು.”

ನಮ್ಮ ಓಣಿ ಎಷ್ಟು ಅಗಲ? ಎದುರಾಬದುರು ಎರಡು ಚಕ್ಕಡಿ ಬಂದರೆ ಒಂದು ಹಿಂದೆ ಸರಿಯಬೇಕು, ಅಷ್ಟೆ. ಅಂದು ಆ ಅಗಲ ದಾಟಲು ನನಗೆ ಬಹಳ ಹೊತ್ತು ಹಿಡಿಯಿತು. ಬೇವಿನ ಗಿಡದ ಕೆಳಗೆ ಒಂದು ಸಲ ನಿಂತೆ. ಕಂಡ ಕಂಡವರ ಮುಂದೆ ಕೈಚಾಚಿ “ಟಿಕೆಟ್, ಟಿಕೆಟ್” ಎಂದು ದಿನವಿಡೀ ಕೂಗುವ ನನಗೆ, ಒಂದು ಚಮಚ ಮೊಸರು ಕೇಳಲು ನಾಲಿಗೆ ಒಣಗಿತ್ತು. ಕೈಯಲ್ಲಿ ನಮ್ಮ ಖಾಲಿ ವಾಟಗವಿತ್ತು.

ಗುರುಸಿದ್ದವ್ವ ಪಡಸಾಲೆಯಲ್ಲಿ ಮೊರ ಹಿಡಿದು ಕಡಲೆ ಹಸನು ಮಾಡುತ್ತಿದ್ದಳು. ಸಂಬಂಧದಲ್ಲಿ ಚಿಕ್ಕಮ್ಮನಲ್ಲದಿದ್ದರೂ ಸಣ್ಣವನಿದ್ದಾಗಿನಿಂದ ನನಗೆ ಅವಳು ಚಿಗವ್ವ, ಅವಳಿಗೆ ನಾನು ಲೇ ಈರ್ಯಾ. ಅಂದು ತಲೆಯೆತ್ತಿ ನೋಡಿ, “ಬರ್ರಿ ಕಂಡಕ್ಟರ ಸಾಹೇಬ್ರ, ಕುಂದರ್ರಿ” ಎಂದಳು.

ಆ ‘ರಿ’ ಕೇಳಿ ನನಗೆ ಆದಷ್ಟು ನೋವು ಅವಳು ಬೈದಿದ್ದರೂ ಆಗುತ್ತಿರಲಿಲ್ಲ.

“ಚಿಗವ್ವ, ಒಂದೀಟು ಹೆಪ್ಪು ಬೇಕಾಗಿತ್ತು.”

ಮೊರ ನಿಂತಿತು. “ಹೆಪ್ಪು? ನಿಮ್ಮನ್ಯಾಗ ಪಾಕೀಟ ಬರತಾವಂತಲ್ರಿ.”

“ಅದರಲೆ ಗಟ್ಟಿ ಆಗವಲ್ದು.”

ಅವಳು ಮತ್ತೆ ಕಡಲೆ ಕೇರಿದಳು. ಹೊಟ್ಟು ಅಂಗಳದ ಕಡೆ ಹಾರಿತು. ಸ್ವಲ್ಪ ಹೊತ್ತಿನ ಮೇಲೆ, ನನ್ನನ್ನು ನೋಡದೆಯೇ, “ಶೋಭಾನ ಕಾಲ ಹೆಂಗದಾವ್ರಿ?” ಎಂದು ಕೇಳಿದಳು.

“ಬಾತಾವು. ಏಳಾಕ ಬರವಲ್ದು.”

ಅಷ್ಟು ಸಾಕಾಯಿತು. ಮೊರವನ್ನು ಬದಿಗಿಟ್ಟಳು. “ಹಂಗಿದ್ರ ರೊಟ್ಟಿ ಬ್ಯಾಡಂತ ಯಾಕ ಕಳಸಿದ್ರಿ ನೀವು? ಮೊದಲ್ನೇ ಸಲ ಬರೇ ಡಬ್ಬಿ ಬಂತು, ಮರತಿರಬೇಕು ಅಂದ್ನಿ. ಎರಡ್ನೇ ಸಲ ಬಂತು, ಸಕ್ರಿ ತೀರಿರಬೇಕು ಅಂದ್ನಿ. ಆಮ್ಯಾಲೂ ಬಂತು. ಪಗಾರದ ಮನಿ, ನಮ್ಮ ರೊಟ್ಟಿ ರುಚಿ ಹತ್ತವಲ್ದು ಅಂತ ಸುಮ್ಮನಾದ್ನಿ. ನನ್ನ ಸೊಸ್ತ್ಯಾರ ಮುಂದ ತಲಿ ಎತ್ತದಂಗ ಆತು ನನಗ.”

ಎಲ್ಲವನ್ನೂ ಹೇಳಿದೆ. ಮಕ್ತುಮ, ಆಪ್, ಕೆಂಪು ಗೆರೆ, ಹಸಿರು ಗೆರೆ. ಮಾತಿನಲ್ಲಿ ತಿಳಿಯದೆಂದು ಫೋನ್ ತೆಗೆದು ತೋರಿಸಿದೆ. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಪರದೆ ನೋಡಿದಳು.

“ಇದ್ಯಾಕ ವಿಮಾನ ಐತಿ?”

“ಅದು ವಿಮಾನ ಅಲ್ಲ ಚಿಗವ್ವ. ಅದು ಶೋಭಾನ ಅಡಗಿಕಟ್ಟಿ.”

ಅವಳು ನನ್ನ ಮುಖ ನೋಡಿದಳು, ಫೋನ್ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ನಗು ಶುರುವಾಯಿತು. ಸೆರಗು ಬಾಯಿಗೆ ಒತ್ತಿಕೊಂಡಳು, ನಿಲ್ಲಲಿಲ್ಲ. ಒಳಗಿನಿಂದ ಸೊಸೆಯಂದಿರು ಹೊರಬಂದು ನೋಡಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದಳು:

“ಲೇ ಈರ್ಯಾ, ನೀ ಸಣ್ಣಾಂವ ಇದ್ದಾಗ ಒಮ್ಮೆರ ಭಾಂಡೆದಾಗ ಸಕ್ರಿ ಉಳಿಸಿ ತಂದೀಯೇನಲೇ? ನಾ ಆಗ ಹೊಸದಾಗಿ ನಡದ ಬಂದಾಕಿ. ನಿನ್ನ ಬಾಯಿ ಸುತ್ತ ಸಕ್ರಿ ಹರಳ ಹತ್ತಿರತಿದ್ವು. ಅದನ್ನ ನೋಡಿ, ನೀಲವ್ವಕ್ಕ ಹಾಕಿ ಕಳಿಸ್ಯಾಳ ಅಂತ ತಿಳಕೊಂತಿದ್ನಿ. ಈಗ ಬಾಯಾಗೂ ಇಲ್ಲ, ಭಾಂಡೆದಾಗೂ ಇಲ್ಲ. ನಾ ಏನ ತಿಳಕೋಬೇಕು?”

ನಾನು ಕಂಬಕ್ಕೆ ಒರಗಿ ಕೂತುಬಿಟ್ಟೆ. ಯಾರೂ ಏನೂ ಅನ್ನಲಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ, ಅನ್ನದಿದ್ದುದು ಹೀಗೆ. ಆಗ ಹೊಸ ಸೊಸೆಯಾಗಿದ್ದ ಒಬ್ಬ ಹೆಣ್ಣುಮಗಳು, ಖಾಲಿ ಭಾಂಡೆ ತಂದ ಹುಡುಗನ ಬಾಯಿ ನೋಡಿ, ನಮ್ಮ ಮನೆಯ ಮರ್ಯಾದೆಯನ್ನು ತುಂಬಿ ಇಟ್ಟುಕೊಂಡಿದ್ದಳು. ನನಗೆ ನಗು ಬಂತು, ಕಣ್ಣೂ ತುಂಬಿತು. ಎರಡನ್ನೂ ಅಡಗಿಸಲಿಲ್ಲ.

ಅವಳು ಒಳಗೆ ಹೋಗಿ ಹೆಪ್ಪು ತಂದಳು. ನಾನು ನಮ್ಮ ವಾಟಗ ಚಾಚಿದೆ. ಅದನ್ನು ಕಸಿದುಕೊಂಡು ಬದಿಗಿಟ್ಟು, ತನ್ನ ಹೆಸರಿನ ವಾಟಗವನ್ನು ನನ್ನ ಕೈಗಿಟ್ಟಳು. “ನಿಂದು ಇಲ್ಲೇ ಇರಲಿ. ನಂದು ಅಲ್ಲಿ ಇರಲಿ” ಎಂದಳು. ಇನ್ನೊಂದು ಕೈಗೆ ರೊಟ್ಟಿಯ ಡಬ್ಬಿ ಬಂತು. “ನಡಿ, ದೀಪಾ ಹಚ್ಚೂ ಹೊತ್ತಾತು.”

ಅಂದು ರಾತ್ರಿ ಊಟಕ್ಕೆ ಕೂತಾಗ ಶೋಭಾ ಹಲಗೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಹಂಚು ಒಲೆಯ ಮೇಲೇರಲಿಲ್ಲ. ಗುರುಸಿದ್ದವ್ವನ ರೊಟ್ಟಿಯನ್ನು ಮುರಿದು ಬಾಯಿಗಿಡುವಾಗ ಮೊದಲ ಸಲ ಅದರ ರುಚಿ ಬೇರೆ ಎಂದು ತಿಳಿಯಿತು. ನಮ್ಮದಕ್ಕಿಂತ ತೆಳುವು, ಅಂಚು ಇನ್ನೂ ಗರಿಗರಿ. ಎಷ್ಟು ವರ್ಷದಿಂದ ತಿನ್ನುತ್ತಿದ್ದೆನೋ.

ಊಟವಾದ ಮೇಲೆ ರೂಢಿಯಂತೆ ಫೋನ್ ತೆಗೆದು ‘ಹೆಪ್ಪು’ ಎಂದು ಬರೆದೆ. ಮೊತ್ತ ಎಂಬಲ್ಲಿ ಸೊನ್ನೆ ಹಾಕಿದೆ. ‘ಸೊನ್ನೆಯನ್ನು ಸ್ವೀಕರಿಸಲಾಗುವುದಿಲ್ಲ’ ಎಂದಿತು ಆಪ್. ಪಾಪ, ಅದರ ತಪ್ಪೇನಿಲ್ಲ. ನಾನು ಅದರ ಮೇಲೆ ಸಿಟ್ಟಾಗಿಲ್ಲ, ಈಗಲೂ ದಿನಾ ಏರಿಸುತ್ತೇನೆ. ತರಕಾರಿ, ಮಜ್ಜಿಗೆ, ಮುಲಾಮು ಎಂದು ಅದು ಒಂದೊಂದಾಗಿ ಕೆಂಪು ಗೆರೆ ತೋರಿಸದಿದ್ದರೆ ಓಣಿಯಿಂದ ನಮಗೆ ಏನೇನು ಬರುತ್ತಿತ್ತು ಎಂದು ನನಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಮಕ್ತುಮನಿಗೂ ನಾನು ಋಣಿ. ಸಕ್ಕರೆಗಿದ್ದ ಮಿತಿಯನ್ನು ಮಾತ್ರ ತೆಗೆದುಹಾಕಿದೆ. ಪ್ರತಿ ತಿಂಗಳು ಅದು ಎಷ್ಟಾದರೂ ಆಗಲಿ.

ವಿಮಾನ ನಿಧಾನವಾಗಿ ಸರಿಯಿತು. ನಾನು ಎಣಿಸಿದ್ದಕ್ಕಿಂತ ತಡವಾಗಿ, ಆದರೂ ಸರಿಯಿತು. ಕಳೆದ ತಿಂಗಳು ಬಲತುದಿ ಮುಟ್ಟಿದಾಗ ಗೌಂಡಿ ಬಂದ. ಗೋಡೆಯ ಬದಿ ಕೆಡವಿ ಕೆಲಸ ಮುಗಿಯುವ ತನಕ ನಮ್ಮ ಮೂವರ ಊಟ ಎದುರು ಮನೆಯಲ್ಲೇ ಆಯಿತು. ಕಪ್ಪು ಕಲ್ಲು ಹಾಸಿದ ಕಟ್ಟೆ ಶೋಭಾಳ ನಡುವಿನ ಎತ್ತರಕ್ಕೆ ಸರಿಯಾಗಿ ಎದ್ದು ನಿಂತಿತು. ಮೊದಲ ದಿನ ನಿಂತು ರೊಟ್ಟಿ ಬಡಿಯುವಾಗ ಅವಳಿಗೆ ಕೈ ಹೊಂದಲಿಲ್ಲ, ಮೊದಲನೆಯದು ಸೊಟ್ಟಗಾಯಿತು. ನಾಲ್ಕನೆಯದಕ್ಕೆ ಪಟಪಟ ಸದ್ದು ಹಳೆಯ ತಾಳಕ್ಕೆ ಬಂತು. ಅವ್ವ ಬಾಗಿಲಲ್ಲಿ ನಿಂತು ನೋಡಿ, “ಒಳ್ಳೇ ಮಾಸ್ತರ ಹುಡುಗ್ಯಾರಿಗೆ ಪಾಠಾ ಹೇಳಿದಂಗ ನಿಂತಿ ನೋಡವಾ” ಎಂದಳು. ಶೋಭಾ ತಿರುಗಿ ನಕ್ಕಳು. ನೋವಿಲ್ಲದೆ ತಿರುಗಿದಳು. ಅದನ್ನು ನೋಡಿದ ಖುಷಿಗೆ ನಾನು ಏನನ್ನೂ ಹೋಲಿಸಲಾರೆ.

ಸೊಟ್ಟಗಾದದ್ದನ್ನು ನನಗಿಟ್ಟು, ದುಂಡಗಾದ ರೊಟ್ಟಿಗಳನ್ನು ಗುರುಸಿದ್ದವ್ವನ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟಳು. ಒಯ್ದು ಕೊಟ್ಟೆ. ಚಿಗವ್ವ ಬಿಸಿ ರೊಟ್ಟಿಯನ್ನು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, “ವಿಮಾನದ ರೊಟ್ಟಿ ಛಲೋ ಅದಾವಲೇ” ಎಂದಳು. ಬರುವಾಗ, ಅಂದು ಅವಳಲ್ಲೇ ಉಳಿದಿದ್ದ ನಮ್ಮ ವಾಟಗಕ್ಕೆ ತಾಟು ಮುಚ್ಚಿ ಕೊಟ್ಟಳು.

ಬೇವಿನ ಗಿಡದ ಕೆಳಗೆ ಬಂದು ತಾಟು ಸರಿಸಿ ನೋಡಿದೆ. ವಾಟಗದ ತುಂಬ ಸಕ್ಕರೆ. ಓಣಿಯ ಆಚೆ ಈಚೆ ನೋಡಿದೆ, ಯಾರೂ ಇರಲಿಲ್ಲ. ವರ್ಷಗಟ್ಟಲೆ ಸಪ್ಪೆ ಚಹಾ ಕುಡಿದ ಬಾಯಿ. ಒಂದು ಚಿಟಿಕೆ ಎಂದು ಶುರು ಮಾಡಿದೆ.

ಮನೆಯ ಬಾಗಿಲಲ್ಲಿ ಅವ್ವ ಕೂತಿದ್ದಳು. “ಚಿಗವ್ವ ಏನ ಹಾಕಿ ಕಳಿಸ್ಯಾಳಲೇ?” ಎಂದು ಕೇಳಿದಳು. ನಾನು ವಾಟಗವನ್ನು ಅವಳ ಮುಂದಿಟ್ಟೆ, ಬಾಯಿ ಸುತ್ತ ಹತ್ತಿದ ಹರಳನ್ನು ಮಾತ್ರ ಒರೆಸಿಕೊಳ್ಳಲಿಲ್ಲ.